ಆಲದ ಮರದಿಂದ ಬಿಚ್ಚಿದ ಮೂಟೆ

ನಮ್ಮ ಕುದುರೆ ಈದ ಬೆಳಿಗ್ಗೆ ಮನೆಯಲ್ಲಿ ಸಂತೋಷಪಡದೆ ಉಳಿದವಳು ನಾನೊಬ್ಬಳೇ. ಮಗ್ಗದ ಮನೆಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ಕಂದು ಬಣ್ಣದ ಮರಿಯೊಂದು, ಇನ್ನೂ ಒದ್ದೆಯಾಗಿ, ಉದ್ದನೆಯ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತಾಯಿಯ ಹೊಟ್ಟೆಯಡಿ ತಡಕಾಡುತ್ತಿತ್ತು. ನನ್ನ ಗಂಡ ಕಂಡಕಂಡವರಿಗೆಲ್ಲ ಫೋನ್ ಮಾಡುತ್ತಿದ್ದರು. ಅತ್ತೆ ಒಲೆಯ ಮೇಲೆ ಬೆಲ್ಲ ಕರಗಿಸಲು ಇಟ್ಟಿದ್ದರು. ನಾನು ಮರಿಯನ್ನು ಬಿಟ್ಟು ತಾಯಿಯ ಬಾಲದ ಕೆಳಗೆ ನೋಡುತ್ತಾ ನಿಂತಿದ್ದೆ. ಮರಿ ಬಂದ ಮೇಲೆ ಬೀಳಬೇಕಾದ ಮಾಸು ಅಲ್ಲಿ ಇನ್ನೂ ಜೋತಾಡುತ್ತಿತ್ತು.

ನನ್ನದು ಮೊದಲಿನಿಂದಲೂ ಹೆದರುವ ಜೀವ. ಅದಕ್ಕೆ ನನ್ನ ಕೆಲಸವೂ ತಕ್ಕಂತೆ ಕೂಡಿಬಂದಿದೆ. ಕೊಳ್ಳೇಗಾಲದಿಂದ ಮದುವೆಯಾಗಿ ತಮಿಳುನಾಡಿನ ಸಿರುಮುಗೈಗೆ, ಕನ್ನಡ ಆಡುವ ಈ ನೇಕಾರರ ಮನೆಗೆ ಬಂದಾಗಿನಿಂದ, ಮಗ್ಗದಿಂದ ಇಳಿದ ರೇಷ್ಮೆ ಸೀರೆಯನ್ನು ಕಿಟಕಿಯ ಬೆಳಕಿಗೆ ಹರಡಿ, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ತೂತು ಬಿದ್ದಿದೆ ಎಂದು ಹುಡುಕುವುದು ನನ್ನ ಪಾಲಿನ ಕೆಲಸ. ಕಲಿಸಿದವರು ಅತ್ತೆ. ಬೇರೆಯವರು ಸೀರೆಯನ್ನು ನೋಡಿ ಸೆರಗು ಎಷ್ಟು ಚೆಂದ ಅನ್ನುವಾಗ ನನ್ನ ಕಣ್ಣು ಅಂಚಿನ ಮೂಲೆಯಲ್ಲಿರುತ್ತದೆ. ಗಂಡನಂತೂ ಇದನ್ನೇ ಹಿಡಿದು ರೇಗಿಸುತ್ತಾರೆ.

"ನಿಂಗೆ ಹೂ ಕಾಣ್ಸಲ್ಲ ಅಮ್ಮಣಿ, ತೂತೇ ಕಾಣ್ಸೋದು," ಎನ್ನುತ್ತಾರೆ.

ಕುದುರೆ ನಮ್ಮ ಮನೆಗೆ ಬಂದದ್ದು ಅವರ ಹುಚ್ಚಿನಿಂದ. ಕೊಯಮತ್ತೂರಿನ ಹತ್ತಿರ ಮದುಕ್ಕರೈಯ ಆಚೆ ಮಕ್ಕಳಿಗೆ ಸವಾರಿ ಕಲಿಸುವ ಜಾಗವೊಂದಿತ್ತು. ಅದನ್ನು ಮುಚ್ಚುತ್ತಾರಂತೆ, ಕುದುರೆಗಳನ್ನು ಸಾಕುವವರಿಗೆ ಕೊಡುತ್ತಾರಂತೆ ಎಂದು ಯಾರೋ ಹೇಳಿದರು. ಸುಮ್ಮನೆ ನೋಡಿಕೊಂಡು ಬರುತ್ತೇನೆ ಎಂದು ಒಂದು ಭಾನುವಾರ ಹೋದವರು ಲಾರಿಯಲ್ಲಿ ಕುದುರೆಯನ್ನು ನಿಲ್ಲಿಸಿಕೊಂಡು ಬಂದರು. ನಾನು ಆ ದಿನ ಅವರ ಜೊತೆ ಮಾತೇ ಆಡಲಿಲ್ಲ. ಮರುದಿನ ಬೆಳಿಗ್ಗೆ ಹುಲ್ಲು ಹಾಕಲು ಹೋದಾಗ ಅದು ನನ್ನ ಹೆಗಲ ಮೇಲೆ ಮೂತಿಯಿಟ್ಟು ಬಿಸಿಯಾಗಿ ಉಸಿರು ಬಿಟ್ಟಿತು. ಅಲ್ಲಿಗೆ ನನ್ನ ಕೋಪದ ಕಥೆ ಮುಗಿಯಿತು.

ಆ ಜಾಗ ನಡೆಸುತ್ತಿದ್ದ ಹೆಂಗಸು ಕುದುರೆಗಳಿಗೆ ಆದಷ್ಟೂ ಸಹಜ ರೀತಿಯಲ್ಲೇ ಆರೈಕೆ ಮಾಡಬೇಕು ಎನ್ನುವವರು. ಮುಚ್ಚುವ ಮೊದಲು ನಮ್ಮಂತೆ ಕುದುರೆ ಕೊಂಡವರನ್ನು ಕೂರಿಸಿ ಕೆಲವು ಭಾನುವಾರ ಪಾಠ ಮಾಡಿದರು. ಗೊರಸಿಗೆ ಲಾಳ ಬೇಡ, ಬರಿಗಾಲಲ್ಲೇ ನಡೆಯಲಿ. ಗಾಯಕ್ಕೆ ಬೇವು, ಅರಿಶಿನ. ಹೊಟ್ಟೆ ಉಬ್ಬರಿಸಿದಂತೆ ಕಂಡರೆ ಓಮದ ನೀರು, ನಿಧಾನ ನಡಿಗೆ, ಅಷ್ಟಕ್ಕೂ ಸರಿಹೋಗದಿದ್ದರೆ ಡಾಕ್ಟರು. ಕುದುರೆ ಈದಾಗ ಏನು ಮಾಡಬೇಕು, ಏನು ಮಾಡಬಾರದು. ಬೆನ್ನುಮೂಳೆಯ ಎರಡೂ ಬದಿ ಅಂಗೈಯಿಂದ ಒತ್ತುತ್ತಾ ಹೋಗಬೇಕು; ಎಲ್ಲಿ ನೋವಿದೆಯೋ ಅಲ್ಲಿ ಅದರ ಚರ್ಮ ಅದುರುತ್ತದೆ. ನನಗೆ ಈ ಒತ್ತುವ ಕೆಲಸ ತುಂಬ ಹಿಡಿಸಿತು. ಹೆಗಲ ಹಿಂದಿನ ಒಂದು ಜಾಗದಲ್ಲಿ ಒತ್ತಿ ಹಿಡಿದರೆ ನಮ್ಮ ಕುದುರೆಯ ಕೆಳದುಟಿ ಜೋಲು ಬೀಳುತ್ತಿತ್ತು, ಕಣ್ಣು ಅರ್ಧ ಮುಚ್ಚುತ್ತಿತ್ತು. ಅದನ್ನು ನೋಡಿದರೆ ನನ್ನ ಎದೆಯ ಗಡಿಬಿಡಿಯೂ ಸ್ವಲ್ಪ ಇಳಿಯುತ್ತಿತ್ತು.

ಅತ್ತೆಗೆ ನಮ್ಮ ಪಾಠ ಕೇಳಿ ನಗು. ಅವರು ಹಿಂದೆ ಹಸು ಸಾಕಿದವರು. ಮೆಂತ್ಯ, ಇಂಗು, ಓಮ ಎಲ್ಲ ಅವರ ಅಡುಗೆಮನೆಯ ಡಬ್ಬಿಗಳಲ್ಲೇ ಇದ್ದವು.

"ಓಮದ ತಣ್ಣಿ ಕುಡ್ಸು ಅನ್ನೋಕೆ ಮದುಕ್ಕರೈಗಂಟ ಹೋದ್ರಾ ನೀವು," ಎಂದು ಕೇಳಿದರು.

ಕುದುರೆಯ ಹೊಟ್ಟೆ ದಪ್ಪಗಾಗುತ್ತಾ ಬಂದಾಗ ನಮ್ಮ ಹುಲ್ಲು ಒಗ್ಗಿದೆ ಎಂದು ನಾವೆಲ್ಲ ಬೀಗಿದ್ದೆವು. ಕೊಯಮತ್ತೂರಿನಿಂದ ಕುದುರೆ ನೋಡುವ ಡಾಕ್ಟರಮ್ಮನೊಬ್ಬರನ್ನು ಕರೆಸಿದಾಗ ಇದು ಗಬ್ಬದ ಕುದುರೆ ಎಂದು ತಿಳಿಯಿತು. ಅಂದಿನಿಂದ ಈ ಬೆಳಗಿನವರೆಗೆ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಕಡಿಮೆ.

ಈಗ ಮರಿ ಹುಟ್ಟಿತ್ತು, ಎದ್ದು ನಿಂತಿತ್ತು. ಮಾಸು ಮಾತ್ರ ಬಿದ್ದಿರಲಿಲ್ಲ. ಅತ್ತೆ ಬಿದಿರೆಲೆಯ ಕಟ್ಟೊಂದನ್ನು ತಂದು ಕುದುರೆಯ ಮುಂದೆ ಹಾಕಿದರು. ಹಸುವಿಗೆ ಅವರು ಯಾವಾಗಲೂ ಕೊಡುತ್ತಿದ್ದುದು ಅದನ್ನೇ.

"ಕಸ ಬೀಳ್ತದೆ ಬುಡು ಅಮ್ಮಣಿ. ಹಸು ಆದ್ರೆ ಒಂದೊಂದು ಸಲ ಸಂಜೆ ಪೊಳುದು ಮುಳುಗೋಗಂಟ ಇಟ್ಕೊಂಡಿರ್ತದೆ. ಕವಲೆ ಯಾಕೆ, ಹೆದರ್ಬ್ಯಾಡ."

"ಅತ್ತೆ, ಇದು ಹಸು ಅಲ್ಲ. ಕುದುರೇಲಿ ಬೇಗ ಬೀಳ್ಬೇಕು ಅಂತ ಮದುಕ್ಕರೈ ಅಮ್ಮ ಹೇಳಿದ್ರು. ಬೆಳಿಗ್ಗೆ ಈದ್ರೆ ತಿಂಡಿ ಹೊತ್ತಿಗೆ ಬಿದ್ದಿರ್ಬೇಕು, ಇಲ್ಲಾಂದ್ರೆ ವಿಷ ಏರ್ತದೆ, ಗೊರಸಿಗೆ ಇಳೀತದೆ ಅಂದ್ರು."

"ಹೊಟ್ಟೇಲಿ ಇರೋದು ಗೊರಸಿಗೆ ಯಾಕಮ್ಮ ಇಳೀತದೆ?" ಎಂದರು ಅತ್ತೆ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ, ತೆಗೆಯಲಿಲ್ಲ. ಮತ್ತೆ ಮಾಡಿದೆ. ಸಂದೇಶ ಕಳಿಸಿದೆ. ಪಕ್ಕದ ಬೀದಿಯ ದನ ನೋಡುವವರನ್ನು ಕರೆಯಲಾ ಎಂದು ಗಂಡ ಕೇಳಿದರು. ಮರಿ ನೋಡಲು ಬಂದವರಲ್ಲಿ ಒಬ್ಬರು, ಜೋತಾಡುವುದಕ್ಕೆ ಒಂದು ಕಲ್ಲು ಕಟ್ಟಿ, ಭಾರಕ್ಕೆ ತಾನೇ ಇಳಿಯುತ್ತದೆ ಎಂದರು. ನಾನು ಕುದುರೆಯ ಹಿಂದೆ ಅಡ್ಡ ನಿಂತೆ. ಎಳೆಯಬೇಡಿ, ಭಾರ ಕಟ್ಟಬೇಡಿ, ತುಳಿದುಕೊಳ್ಳದ ಹಾಗೆ ಮೇಲಕ್ಕೆ ಗಂಟು ಹಾಕಿ ಬಿಡಿ ಎಂದು ಪಾಠದಲ್ಲಿ ಕೇಳಿದ್ದು ನನಗೆ ಗಟ್ಟಿಯಾಗಿ ನೆನಪಿತ್ತು. ಹಳೆಯ ಸೀರೆಯ ಅಂಚು ಹರಿದು ಹಾಗೇ ಕಟ್ಟಿದೆವು. ಕಲ್ಲಿನ ಸಲಹೆ ಕೊಟ್ಟವರು ಮುಖ ದಪ್ಪ ಮಾಡಿಕೊಂಡು ಹೋದರು.

ನಾನು ಯಾಕೆ ಅಷ್ಟು ಹಟ ಹಿಡಿದೆ ಎಂಬುದು ಮನೆಯವರಿಗೆ ಗೊತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ, ಅಷ್ಟೆ. ನನ್ನ ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನನಗೆ ಜ್ವರ ಹಿಡಿಯಿತು. ಅತ್ತೆ ಬಾಣಂತನದಲ್ಲಿ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಶುಂಠಿ ಬೆಲ್ಲದ ಉಂಡೆ, ಬೆಳ್ಳುಳ್ಳಿ ಸಾರು, ಸಾಂಬ್ರಾಣಿ ಹೊಗೆ, ಹೊಟ್ಟೆಗೆ ಬಿಗಿಯಾಗಿ ಸುತ್ತಿದ ಬಟ್ಟೆ. ಹಾಲು ಇಳಿಯುವಾಗ ಮೈ ಬಿಸಿಯಾಗುವುದು ಉಂಟು ಎಂದು ಎಲ್ಲರೂ ಅಂದರು. ನಾನೂ ನಂಬಿದೆ. ನಡುಕ ಬಂದು ಮಾತು ತೊದಲಿದ ಮೇಲೆ ನನ್ನನ್ನು ಮತ್ತೆ ಎತ್ತಿಕೊಂಡು ಹೋದರು. ಮಾಸಿನ ಒಂದು ಚೂರು ಒಳಗೇ ಉಳಿದಿತ್ತಂತೆ. ನಾನು ಉಳಿದೆ. ನನ್ನ ಹಾಲು ಮಾತ್ರ ಉಳಿಯಲಿಲ್ಲ, ಮಗಳು ಡಬ್ಬಿಯ ಹಾಲಿನಲ್ಲೇ ಬೆಳೆದಳು. ಆ ವಿಷಯವಾಗಿ ಅತ್ತೆಯೂ ನಾನೂ ಒಂದು ಮಾತೂ ಆಡಿರಲಿಲ್ಲ. ಆದರೆ ನನ್ನ ಮನಸ್ಸಿನಲ್ಲಿ ಅದು ಹಾಗೇ ಕೂತಿತ್ತು.

ಹಾಗಾಗಿ ಆ ಬೆಳಿಗ್ಗೆ ಅತ್ತೆ ಅದೇ ಶುಂಠಿ ಬೆಲ್ಲದ ಉಂಡೆಗಳನ್ನು ತಟ್ಟೆಯಲ್ಲಿಟ್ಟುಕೊಂಡು, ಹೆಗಲ ಮೇಲೆ ಒಂದು ಹಳೆಯ ಹತ್ತಿ ಸೀರೆ ಹಾಕಿಕೊಂಡು ಕೊಟ್ಟಿಗೆಗೆ ಬಂದಾಗ ನಾನು ಸೀರೆಯ ತುದಿ ಹಿಡಿದು ನಿಲ್ಲಿಸಿದೆ.

"ಸೀರೆ ಯಾಕೆ ಅತ್ತೆ?"

"ಹೊಟ್ಟೆಗೆ ಸುತ್ತೋಕೆ. ಖಾಲಿ ಹೊಟ್ಟೇಲಿ ಗಾಳಿ ಸೇರ್ಕೊಳ್ತದೆ."

"ಒದೀತದೆ. ಬೇಡ."

"ನೀನು ಒದ್ದ್ಯಾ ಆವಾಗ?" ಎಂದರು. ತಮಾಷೆಗೇ ಅಂದದ್ದು. ಅಂದ ಮೇಲೆ ಅವರ ಮುಖ ಸಪ್ಪಗಾಯಿತು. ಸೀರೆಯನ್ನು ಮಡಚಿ ಗೂಟಕ್ಕೆ ಹಾಕಿದರು. ಕುದುರೆ ಒಂದು ಉಂಡೆ ತಿಂದಿತು, ಇನ್ನೊಂದನ್ನು ಮೂಸಿ ಬಿಟ್ಟಿತು.

ನಾನು ಬಂದವರನ್ನೆಲ್ಲ ಹೊರಗೆ ಕಳಿಸಿದೆ. ಕೊಟ್ಟಿಗೆ ಸದ್ದಿಲ್ಲದೆ ಇರಬೇಕು, ಮರಿ ಚೆನ್ನಾಗಿ ಮೊಲೆ ಚೀಪಬೇಕು, ಚೀಪಿದಷ್ಟೂ ಒಳಗೆ ಹಿಂಡಿಕೊಂಡು ಮಾಸು ಸಡಿಲವಾಗುತ್ತದೆ ಎಂದು ಪಾಠದಲ್ಲಿ ಹೇಳಿದ್ದರು. ಅತ್ತೆಯೂ ಇದಕ್ಕೆ ತಲೆಯಾಡಿಸಿದರು. ಮರಿಯ ಮೂತಿಯನ್ನು ಅವರೇ ಮೆಲ್ಲಗೆ ಕೆಚ್ಚಲಿಗೆ ತಾಗಿಸಿದರು. ನಾನು ಕುದುರೆಯ ಬೆನ್ನು ಒತ್ತುತ್ತಾ ನಿಂತೆ. ಹೆಗಲ ಹಿಂದಿನ ಆ ಜಾಗ ಒತ್ತಿದರೂ ಅದರ ತುಟಿ ಜೋಲು ಬೀಳಲಿಲ್ಲ. ಮೂಗಿನ ಹೊಳ್ಳೆಗಳು ಬಿಗಿಯಾಗಿದ್ದವು. ನನ್ನ ಭಯವೇ ಕೈಯಿಂದ ಅದಕ್ಕೆ ಹೋಗುತ್ತಿದೆಯೇನೋ ಅನ್ನಿಸಿ ಕೈ ತೆಗೆದುಬಿಟ್ಟೆ.

ಬಿಸಿಲು ತಗಡಿನ ಮೇಲೆ ಕಾಯುವ ಹೊತ್ತಿಗೆ, ಅಂಗಳದಲ್ಲಿ ಅದನ್ನು ನಿಧಾನವಾಗಿ ನಡೆಸುತ್ತಿದ್ದಾಗ, ಒದ್ದೆ ಬಟ್ಟೆ ಬಿದ್ದ ಸದ್ದಾಯಿತು. ಮಾಸು ಬಿದ್ದಿತ್ತು. ಅತ್ತೆ ಎರಡೂ ಕೈ ಎತ್ತಿ ಮುಗಿದರು. ನಾನು ಜಗಲಿಯ ಮೇಲೆ ಕೂತೆ. ಗಂಡ ಅದನ್ನು ಹುಲ್ಲಿನಲ್ಲಿ ಸುತ್ತಿ, ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಸ್ಕೂಟರಿನಲ್ಲಿಟ್ಟುಕೊಂಡು ಭವಾನಿ ಹೊಳೆಯ ದಡಕ್ಕೆ ಹೋದರು. ಅಲ್ಲಿ ಒಂದು ಆಲದ ಮರವಿದೆ. ಈ ಕಡೆ ಹಸು ಈದರೆ ಮಾಸನ್ನು ಹೂಳುವುದಿಲ್ಲ, ಹಾಲು ಸುರಿಯುವ ಮರಕ್ಕೆ ಮೂಟೆ ಕಟ್ಟಿ ನೇತುಹಾಕುತ್ತಾರೆ. ಮರದ ಹಾಗೆ ತಾಯಿಗೂ ಹಾಲು ಇಳಿಯಲಿ ಎಂದು. ಆ ಮರದ ಕೊಂಬೆಗಳಲ್ಲಿ ಯಾವಾಗ ನೋಡಿದರೂ ಹೊಸದೂ ಹಳೆಯದೂ ಮೂಟೆಗಳು ತೂಗುತ್ತಿರುತ್ತವೆ. ಕಟ್ಟಿದ್ದನ್ನು ಯಾರೂ ಬಿಚ್ಚುವುದಿಲ್ಲ. ಬಿಚ್ಚಿದರೆ ಹಾಲು ಬತ್ತುತ್ತದೆ ಎಂದು ಅತ್ತೆಯಂಥವರು ಗಟ್ಟಿಯಾಗಿ ನಂಬುತ್ತಾರೆ.

ಗಂಡ ಮರಳಿ ಬಂದು ಕೈ ತೊಳೆದರು. ನಾವು ಊಟಕ್ಕೆ ಕೂತೆವು. ಆಗ ಡಾಕ್ಟರಮ್ಮನ ಫೋನ್ ಬಂತು. ಬೆಳಿಗ್ಗೆಯಿಂದ ಬೇರೆ ಕಡೆ ಆಪರೇಷನ್ನಿನಲ್ಲಿದ್ದೆ ಎಂದು ತಮಿಳಿನಲ್ಲಿ ಹೇಳಿದರು. ಬಿತ್ತು ಮೇಡಂ, ತಾನಾಗೇ ಬಿತ್ತು ಎಂದು ನಾನು ನಗುತ್ತಾ ಹೇಳಿದೆ.

"ಬಿದ್ದಿದ್ದು ತುಂಬ ತಡವಾಯಿತು," ಎಂದರು ಅವರು. "ಹರಡಿ ನೋಡಿದಿರಾ?"

"ಏನನ್ನ?"

"ಮಾಸನ್ನು. ನೆಲದ ಮೇಲೆ ಹರಡಿದರೆ ಪ್ಯಾಂಟಿನ ಹಾಗೆ ಕಾಣುತ್ತದೆ. ಎರಡು ಕಾಲು ಇರುತ್ತವೆ. ಎರಡರ ತುದಿಯೂ ಮುಚ್ಚಿರಬೇಕು. ಮರಿ ಬಂದ ತೂತು ಒಂದೇ ಇರಬೇಕು. ಬೇರೆ ಎಲ್ಲಾದರೂ ಹರಿದಿದ್ದರೆ ಚೂರು ಒಳಗಿದೆ ಅಂತ. ನೋಡಿ ಫೋಟೋ ಕಳಿಸಿ, ಬೇಗ."

ನಾನು ಇಷ್ಟು ವರ್ಷ ಹರಡಿ ನೋಡುವ ಕೆಲಸ ಮಾಡಿದವಳು. ಮಾಸನ್ನು ಹರಡಿ ನೋಡಬೇಕೆಂದು ನಮ್ಮಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಅದು ಬಿದ್ದರೆ ಸಾಕಾಗಿತ್ತು, ಬಿದ್ದ ಕೂಡಲೇ ಮರಕ್ಕೆ ಕಟ್ಟುವ ಅವಸರ.

ಫೋನಿನ ಮಾತನ್ನು ಹೇಳಿದಾಗ ಗಂಡ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಅವರು ಮೂಢನಂಬಿಕೆಯವರಲ್ಲ. ಆದರೂ ಅಮ್ಮನ ಮುಖ ನೋಡಿದರು.

"ಕಟ್ಟಿ ಆಯ್ತಲ್ಲ," ಎಂದರು ಮೆಲ್ಲಗೆ. "ಕುದುರೆ ನಲ್ಲಾ ತಾನೇ ನಿಂತದೆ, ಏನೂ ಆಗಿಲ್ಲ. ಒಂದ್ ದಿನ ಪಾರ್ತ್ಕೊಂಡು ಕಾಯಾಣ..."

ಕುದುರೆ ನಿಂತೇ ಇತ್ತು, ನಿಜ. ಒಂದು ದಿನ ಕಾದರೆ ಏನಾಗಬಹುದೆಂದು ನನ್ನ ಮೈಗೆ ಗೊತ್ತಿತ್ತು. ಆದರೆ ಮೂಟೆ ಬಿಚ್ಚಿ, ನಾಳೆ ಏನೋ ಕಾರಣಕ್ಕೆ ಹಾಲು ಕಡಿಮೆಯಾಗಿ ಮರಿ ಸೊರಗಿದರೆ? ಆ ಮಾತು ಈ ಮನೆಯಲ್ಲಿ ನನ್ನ ತಲೆಯ ಮೇಲೆಯೇ ಉಳಿಯುತ್ತದೆ. ತನ್ನ ಹಾಲೂ ಬತ್ತಿಸಿಕೊಂಡವಳು ಎಂದು ಯಾರೂ ಅನ್ನದಿರಬಹುದು, ನನಗೇ ಕೇಳಿಸುತ್ತಿರುತ್ತದೆ. ಕೈ ತೊಳೆಯದೆ ಕೂತೇ ಇದ್ದೆ.

ಅತ್ತೆ ಎದ್ದರು. ಹಿತ್ತಲಿಗೆ ಹೋಗಿ, ನುಗ್ಗೆಕಾಯಿ ಕೀಳುವ ಕೊಕ್ಕೆಯ ಕೋಲನ್ನು ಗೋಡೆಯಿಂದ ತೆಗೆದುಕೊಂಡು ಬಂದರು.

"ಗಾಡಿ ತೆಗಿ," ಎಂದರು ಮಗನಿಗೆ.

"ಅಮ್ಮಾ, ನೀನೇ ಬಿಚ್ಬಾರ್ದು ಅಂತೀಯ."

"ನಾನೇ ಬಿಚ್ತೀನಿ. ಬರೋ ದೋಷ ನಂಗೆ ಬರ್ಲಿ. ಉಡನೆ ತೆಗಿ."

ಅವರು ಹೋಗಿ ಬರುವವರೆಗೆ ನಾನು ಕೊಟ್ಟಿಗೆಯಲ್ಲಿ ಕುದುರೆಯ ನಾಲ್ಕೂ ಗೊರಸುಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡಿದೆ. ಬಿಸಿ ಇದೆಯೋ ಬಿಸಿಲಿಗೆ ಹಾಗಿದೆಯೋ ತಿಳಿಯಲಿಲ್ಲ. ಹೊಟ್ಟೆಗೆ ಕಿವಿಯಿಟ್ಟೆ, ಒಳಗೆ ಗುಡುಗುಡು ಕೇಳಿಸಿತು. ಒಳ್ಳೆಯದೋ ಕೆಟ್ಟದೋ ಅದೂ ತಿಳಿಯಲಿಲ್ಲ. ಮರಿ ಮಾತ್ರ ನನ್ನ ಸೆರಗನ್ನು ಬಾಯಿಗೆ ಹಾಕಿಕೊಂಡು ಎಳೆಯುತ್ತಿತ್ತು.

ಗೋಣಿಚೀಲವನ್ನು ಹಿತ್ತಲಿನ ಕಲ್ಲು ಚಪ್ಪಡಿಯ ಮೇಲೆ ಬಿಚ್ಚಿದೆವು. ನೂಲಿನ ಹೊರೆಗೆ ಸುತ್ತಿ ಬರುವ ಪ್ಲಾಸ್ಟಿಕ್ ಹಾಳೆಯೊಂದನ್ನು ಹಾಸಿ, ಅಂಟಿದ ಹುಲ್ಲನ್ನು ನೀರಿನಿಂದ ತೊಳೆದು, ನಾನು ಒಂದು ಕಡೆ ಅತ್ತೆ ಇನ್ನೊಂದು ಕಡೆ ಹಿಡಿದು ಹರಡಿದೆವು. ಸೀರೆ ಹರಡುವಾಗಲೂ ನಾವು ಹೀಗೇ ಎದುರುಬದುರು ನಿಲ್ಲುವುದು. ವಾಸನೆಗೆ ಗಂಡ ದೂರ ಸರಿದರು. ಒಂದು ಬದಿ ಕೆಂಪು, ಮಖಮಲ್ಲಿನ ಹಾಗೆ. ಇನ್ನೊಂದು ಬದಿ ಬಿಳಿಚಾಗಿ ಹೊಳೆಯುತ್ತಿತ್ತು, ನರಗಳು ಎಳೆ ಎಳೆಯಾಗಿ ಹರಡಿದ್ದವು. ಡಾಕ್ಟರಮ್ಮ ಹೇಳಿದಂತೆ ಎರಡು ಕಾಲು ಕಂಡವು, ಒಂದು ದಪ್ಪ, ಒಂದು ಸಣ್ಣ. ಮರಿ ಹರಿದುಕೊಂಡು ಬಂದ ದೊಡ್ಡ ಬಾಯಿ ಇತ್ತು. ದಪ್ಪ ಕಾಲಿನ ತುದಿ ಮುಚ್ಚಿತ್ತು.

ಸಣ್ಣ ಕಾಲಿನ ತುದಿ ಮುದುರಿಕೊಂಡಿತ್ತು. ನಾನು ಬೆರಳಿಂದ ಬಿಡಿಸಿದೆ. ಮುಚ್ಚಿದೆ ಅನ್ನಿಸಿತು, ಮರುಕ್ಷಣ ಇಲ್ಲ ಅನ್ನಿಸಿತು.

"ತಣ್ಣಿ ಹುಯ್ಯಿ," ಎಂದರು ಅತ್ತೆ. ಆ ಕಾಲನ್ನು ಅವರು ಚೀಲದ ಹಾಗೆ ಎತ್ತಿ ಹಿಡಿದರು. ನಾನು ಚೊಂಬಿನಿಂದ ನೀರು ಸುರಿದೆ. ನೀರು ಕೆಳಗಿಳಿದು, ಒಂದು ಗಳಿಗೆ ನಿಂತಂತೆ ಮಾಡಿ, ತುದಿಯಿಂದ ಅತ್ತೆಯ ಪಾದದ ಮೇಲೆ ಧಾರೆಯಾಗಿ ಸುರಿಯಿತು.

ಗಂಡ ಫೋಟೋ ತೆಗೆದು ಕಳಿಸಿದರು. ತಕ್ಷಣ ಹೊರಡುತ್ತೇನೆ, ಗೊರಸಿಗೆ ತಣ್ಣೀರು ಹುಯ್ಯುತ್ತಿರಿ ಎಂದು ಉತ್ತರ ಬಂತು. ಕೊಯಮತ್ತೂರಿನಿಂದ ಮೇಟ್ಟುಪಾಳಯಂ ದಾಟಿ ಬರಬೇಕು, ಆ ರಸ್ತೆಯ ವಾಹನ ದಟ್ಟಣೆ ಎಂಥದ್ದೆಂದು ಹೋಗಿ ಬಂದವರಿಗೆ ಗೊತ್ತು. ನಾನು ಬಕೆಟ್ಟಿನ ಮೇಲೆ ಬಕೆಟ್ಟು ಬಾವಿಯ ನೀರನ್ನು ಗೊರಸಿಗೆ ಹುಯ್ಯುತ್ತಲೇ ಇದ್ದೆ. ಸಂಜೆಯ ಹೊತ್ತಿಗೆ ಕುದುರೆ ಹುಲ್ಲು ಮುಟ್ಟುವುದನ್ನು ಬಿಟ್ಟಿತು, ಕಿವಿ ಹಿಂದಕ್ಕೆ ಬಿತ್ತು. ಅತ್ತೆ ಮರಿಯನ್ನು ತಮ್ಮ ಕಾಲಿಗೆ ಒರಗಿಸಿಕೊಂಡು ನಿಂತಿದ್ದರು. ಬಾಯಲ್ಲಿ ಏನೋ ಮಣಮಣ ನಡೆದಿತ್ತು, ದೇವರ ಹೆಸರಿರಬೇಕು.

ಡಾಕ್ಟರಮ್ಮ ಬಂದು ಜ್ವರ ನೋಡಿದರು. ಏರುತ್ತಿದೆ ಎಂದರು. ಬಾಲಕ್ಕೆ ಬಟ್ಟೆ ಸುತ್ತಬೇಕು ಎಂದಾಗ ಗೂಟದ ಮೇಲಿದ್ದ ಹಳೆಯ ಹತ್ತಿ ಸೀರೆ ಕೊನೆಗೆ ಕೆಲಸಕ್ಕೆ ಬಂತು. ಸೂಜಿ ಚುಚ್ಚಿ, ಕೊಳವೆಯಿಂದ ಬೆಚ್ಚಗಿನ ಉಪ್ಪು ನೀರು ಬಿಟ್ಟು, ತೊಳೆದು, ತುಂಬ ಹೊತ್ತಿನ ಮೇಲೆ ಅವರು ಅಂಗೈಯಷ್ಟು ದೊಡ್ಡ ಒಂದು ಚೂರನ್ನು ಹೊರತೆಗೆದರು. ಏನೇನು ಕೊಟ್ಟಿದ್ದೀರಿ ಎಂದು ಕೇಳಿದರು. ಅತ್ತೆ ಬಿದಿರೆಲೆ, ಶುಂಠಿ, ಬೆಲ್ಲ ಎಂದು ಹೆದರುತ್ತಾ ಹೇಳಿದರು. ಡಾಕ್ಟರಮ್ಮ ಬೈಯಲಿಲ್ಲ. ಅದರಿಂದ ಕೆಡುಕಾಗಿಲ್ಲ, ಮರಿಗೆ ಬೇಗ ಹಾಲು ಕುಡಿಸಿದ್ದು, ನಡೆಸಿದ್ದು, ಎಳೆಯದೆ ಬಿಟ್ಟದ್ದು ಒಳ್ಳೆಯದೇ ಆಯಿತು ಎಂದರು. ಆಮೇಲೆ, ಇವತ್ತು ಹರಡಿ ನೋಡದಿದ್ದರೆ ನಾಳೆ ನಾನು ಬಂದೂ ಪ್ರಯೋಜನವಿರುತ್ತಿರಲಿಲ್ಲ ಎಂದರು. ಇನ್ನೂ ಕೆಲವು ದಿನ ಅಪಾಯವಿದೆ, ದಿನಾ ಗೊರಸು ಮುಟ್ಟಿ ನೋಡಿ, ಬಿಸಿಯಾದರೆ ಕರೆಯಿರಿ ಎಂದು ಹೇಳಿ ಹೊರಟರು.

ಅವರು ಹೋದ ಮೇಲೆ ಅತ್ತೆ ಆ ಚೂರನ್ನು ಚಪ್ಪಡಿಗೆ ತಂದು ಸಣ್ಣ ಕಾಲಿನ ಹರಿದ ತುದಿಗೆ ಇಟ್ಟು ನೋಡಿದರು. ಸರಿಯಾಗಿ ಕೂತಿತು. ಎಲ್ಲವನ್ನೂ ಹೊಸ ಹುಲ್ಲಿನಲ್ಲಿ ಸುತ್ತಿ ಮೂಟೆ ಕಟ್ಟಿದರು. ಮಾರನೆಯ ದಿನ ಗಂಡ ಅದನ್ನು ಅದೇ ಆಲದ ಮರಕ್ಕೆ ಮತ್ತೆ ಕಟ್ಟಿ ಬಂದರು.

ಆಮೇಲಿನ ದಿನಗಳಲ್ಲಿ ನನ್ನ ಬೆಳಗು ಶುರುವಾಗುತ್ತಿದ್ದುದೇ ಗೊರಸಿನಿಂದ. ಕಣ್ಣು ಬಿಟ್ಟ ಕೂಡಲೇ ಓಡಿ ಹೋಗಿ, ಕೂತು, ಅಂಗೈಯ ಹಿಂಬದಿಯನ್ನು ಒಂದೊಂದು ಗೊರಸಿಗೂ ತಾಗಿಸುವುದು. ಒಂದು ದಿನ ಮುಂದಿನ ಎಡಗೊರಸು ಬಿಸಿಯೆನ್ನಿಸಿ, ಡಾಕ್ಟರಮ್ಮನನ್ನು ಕರೆಸಿ, ಏನೂ ಇಲ್ಲವೆಂದು ಅನ್ನಿಸಿಕೊಂಡದ್ದೂ ಆಯಿತು. ಕೆಚ್ಚಲನ್ನೂ ನೋಡುತ್ತಿದ್ದೆ, ಯಾರಿಗೂ ಹೇಳದೆ. ಅದು ತುಂಬಿಕೊಂಡೇ ಇತ್ತು. ಮರಿಯ ಮೂತಿಯ ಸುತ್ತ ಹಾಲಿನ ನೊರೆ ಒಣಗಿರುತ್ತಿತ್ತು.

ಒಂದು ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಅತ್ತೆ ಆಗಲೇ ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ನಾನು ಮಾಡುವ ಹಾಗೆಯೇ ಕೈಯ ಹಿಂಬದಿಯಿಂದ ಗೊರಸು ಮುಟ್ಟುತ್ತಿದ್ದರು. ಕುದುರೆಯ ಕೆಳದುಟಿ ಜೋಲು ಬಿದ್ದಿತ್ತು.

"ನಾಲ್ಕೂ ತಣ್ಣಗದೆ," ಎಂದರು.

ನಾನು ಪಕ್ಕದಲ್ಲಿ ಕೂತೆ. ಅವರು ಎದ್ದೇಳಲಿಲ್ಲ. ಅದೇ ಕೈಯನ್ನು ಚಾಚಿ ನನ್ನ ಹಣೆಗೆ ಇಟ್ಟರು. ಕೈಗೆ ಹುಲ್ಲಿನ, ಗೊರಸಿನ ವಾಸನೆಯಿತ್ತು.

"ನಂಗೇನಾಗಿದೆ ಅತ್ತೆ?" ಎಂದೆ.

"ಆವಾಗ ಸುಡ್ತಿತ್ತು ಅಮ್ಮಣಿ," ಎಂದರು. "ಹಿಂಗೇ ಮುಟ್ಟಿ ನೋಡ್ದೆ ನಾನು. ಹಾಲ್ ಬರೋ ಜ್ವರ ಅಲ್ಲ ಅನ್ಸ್ತು. ಭಯಕ್ಕೆ ಯಾರ್ ಹತ್ರಾನೂ ಹೇಳ್ನಿಲ್ಲ."

ನನಗೆ ಅಳು ಬಂತು. ಕೋಪವೂ ಬಂತು, ಇಷ್ಟು ವರ್ಷದ ಕೋಪ. ಅತ್ತೆ ಕೈ ತೆಗೆಯಲಿಲ್ಲ, ನಾನೂ ತಲೆ ಸರಿಸಲಿಲ್ಲ.